ರಿಟರ್ನ್ ಸೀಟಿನ ಪೂವಪ್ಪ

ತನ್ನನ್ನು ಗೇಲಿ ಮಾಡುವ ಕೆಲಸವನ್ನು ಪೂವಪ್ಪ ಯಾರಿಗೂ ಬಿಟ್ಟುಕೊಟ್ಟವನಲ್ಲ. ಬೇರೆಯವರು ಬಾಯಿ ತೆರೆಯುವ ಮೊದಲೇ ತಾನೇ ಶುರು ಮಾಡಿಬಿಡುತ್ತಾನೆ. "ನಾನು ಮುಂಬಯಿ ನೋಡಿಲ್ಲ ಮಾರಾಯ್ರೆ, ಬರೀ ಪ್ಲಾಟ್‌ಫಾರ್ಮ್ ನೋಡಿದ್ದು," ಎಂದು ತಮ್ಮ ಫ್ಲ್ಯಾಟುಗಳ ಸೊಸೈಟಿಯ ಗೇಟಿನಲ್ಲಿ ನಿಂತು ಹೇಳುವಾಗ ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೇ ಇರುತ್ತದೆ. ಮಾತು ಸುಳ್ಳೂ ಅಲ್ಲ. ಡೊಂಬಿವಲಿಯಲ್ಲಿ ಮನೆ, ವಾಶಿಯಲ್ಲಿ ಹೋಟೆಲು, ನಡುವೆ ಠಾಣೆಯಲ್ಲಿ ಗಾಡಿ ಬದಲಾಯಿಸುವುದು. ಗಾಣದ ಎತ್ತಿಗಾದರೂ ಹಬ್ಬದ ದಿನ ಬಿಡುವು ಉಂಟು, ಪೂವಪ್ಪನಿಗೆ ಹಬ್ಬದ ದಿನ ದುಪ್ಪಟ್ಟು ಕೆಲಸ. ಹೋಟೆಲಿನ ಸ್ಟೋರು ನೋಡಿಕೊಳ್ಳುವವನು ಅವನು. ಉದ್ದಿನಬೇಳೆ ಮುಗಿದರೆ ಇಡ್ಲಿ ನಿಲ್ಲುತ್ತದೆ, ಇಡ್ಲಿ ನಿಂತರೆ ಲೋಕ ನಿಲ್ಲುತ್ತದೆ ಎಂದು ನಂಬಿದವರ ಪೈಕಿ.

ಇಷ್ಟು ವರ್ಷಗಳ ಓಡಾಟದಲ್ಲಿ ಅವನು ಸಂಪಾದಿಸಿದ ವಿದ್ಯೆ ಒಂದೇ, ಸೀಟು ಹಿಡಿಯುವುದು. ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಠಾಣೆಯ ಕಡೆಗೆ ಹೋಗುವ ಗಾಡಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹಾಗಾಗಿ ಬುದ್ಧಿವಂತರು ಮೊದಲು ಎದುರು ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ಗಾಡಿ ಖಾಲಿಯಾಗುತ್ತದೆ, ಇವರು ಕಿಟಕಿ ಹಿಡಿದು ಕೂತುಬಿಡುತ್ತಾರೆ, ಅದೇ ಗಾಡಿ ತಿರುಗಿ ಹೊರಟಾಗ ಮಹಾರಾಜರಂತೆ ಡೊಂಬಿವಲಿಯನ್ನು ಹಾದು ಹೋಗುತ್ತಾರೆ. ಇದಕ್ಕೆ ರಿಟರ್ನ್ ಎಂದು ಹೆಸರು. ಹೋಗಬೇಕಾದ ಊರಿಗೆ ಬೆನ್ನು ಹಾಕಿ ಹೊರಡುವುದೇ ಸುಖವಾಗಿ ತಲುಪುವ ದಾರಿ ಎಂಬ ಈ ವೇದಾಂತವನ್ನು ಪೂವಪ್ಪ ಹೊಸಬರಿಗೆಲ್ಲ ಬೋಧಿಸಿದ್ದಾನೆ. ಒಮ್ಮೆ ಕೂತ ಮೇಲೆ ಏಳಬಾರದು ಎಂಬುದು ಬೋಧನೆಯ ಎರಡನೆಯ ಭಾಗ. ಮುದುಕರು, ಮಕ್ಕಳನ್ನೆತ್ತಿಕೊಂಡವರು ಎದುರಿಗೆ ಬಂದು ನಿಂತರೆ ಏನು ಮಾಡುವುದು? ಕಣ್ಣು ಮುಚ್ಚುವುದು. ಪೂವಪ್ಪನಿಗೆ ಬೇಕೆಂದಾಗ ಗೊರಕೆಯೂ ಬರುತ್ತಿತ್ತು.

ಅವನ ಮಗಳು ತನ್ವಿ ಸೀವುಡ್ಸ್ ಸ್ಟೇಷನ್ನಿನ ಮೇಲಿನ ಕಟ್ಟಡದಲ್ಲಿ ಕೆಲಸಕ್ಕಿದ್ದಳು. ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಸಣ್ಣ ಕಂಪೆನಿ. ಮನೆಯಲ್ಲಿ ಅಪ್ಪ ಅಮ್ಮ ತುಳುವಿನಲ್ಲೋ ಕನ್ನಡದಲ್ಲೋ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಏನು ಕೆಲಸ ಎಂದು ಪೂವಪ್ಪ ಕೇಳಿದಾಗ, ಆಟದೊಳಗಿನ ಗಿಡ, ಮರ, ಕಲ್ಲು, ಮನೆ ಎಲ್ಲ ನಾನು ಮಾಡುವುದು ಎಂದಿದ್ದಳು. ಅವನು ಅದನ್ನು ಅಷ್ಟಕ್ಕೇ ಅರ್ಥ ಮಾಡಿಕೊಂಡು, ಮಗಳು ಗಿಡಮರದ ಲೈನಿನಲ್ಲಿದ್ದಾಳೆ ಎಂದು ಸೊಸೈಟಿಯಲ್ಲಿ ಹೇಳಿ ಬಂದ. ಮರುದಿನ ಪಕ್ಕದ ಮನೆಯವರು ಬಾಡಿದ ಕರಿಬೇವಿನ ಗಿಡವನ್ನು ಕುಂಡ ಸಮೇತ ತಂದು ತನ್ವಿಯ ಮುಂದಿಟ್ಟರು.

ಆ ಕಂಪೆನಿ ಎರಡು ವರ್ಷದಿಂದ ಒಂದು ದ್ವೀಪದ ಆಟ ಕಟ್ಟುತ್ತಿತ್ತು. ತೆಂಗು, ಹವಳದ ದಂಡೆ, ಹೊಗೆಯಾಡುವ ಒಂದು ಗುಡ್ಡ, ಊರು, ಜನ. ಆಡುವವನು ಅಲ್ಲಿ ಇಳಿದರೆ ಯಾವ ಕಡೆಗೂ ಹೋಗಬಹುದು, ಮರ ಹತ್ತಬಹುದು, ಈಜಬಹುದು, ಬೆನ್ನಿನ ರೆಕ್ಕೆ ಬಿಚ್ಚಿ ಹಾರಬಹುದು. ಆಟ ಮುಗಿಯುತ್ತ ಬಂದಾಗ ಒಂದು ಶನಿವಾರ, ಕೆಲಸದವರೆಲ್ಲ ಆಟವೇ ಗೊತ್ತಿಲ್ಲದ ತಮ್ಮ ಮನೆಯ ಒಬ್ಬೊಬ್ಬರನ್ನು ಕರೆತಂದು ಆಡಿಸಬೇಕು, ಅವರು ಹೇಗೆ ಆಡುತ್ತಾರೆಂದು ಹಿಂದೆ ನಿಂತು ನೋಡಬೇಕು ಎಂದು ತೀರ್ಮಾನವಾಯಿತು. ತನ್ವಿ ಅಮ್ಮನನ್ನು ಕರೆದಳು. ದಮಯಂತಿ ಹಪ್ಪಳದ ಹಿಟ್ಟಿನಿಂದ ಕೈ ತೆಗೆಯದೆಯೇ ಗಂಡನನ್ನು ತೋರಿಸಿದಳು.

"ಇವರನ್ನು ಕರ್ಕೊಂಡು ಹೋಗು. ಲೋಕದ ದಾರಿಯೆಲ್ಲ ಗೊತ್ತಿದ್ದವರು."

ಪೂವಪ್ಪ ರಜೆ ಹಾಕಿ, ಮದುವೆಗೆ ಹೋಗುವ ಅಂಗಿ ಹಾಕಿ ಹೊರಟ. ಠಾಣೆಯಲ್ಲಿ ಪನವೇಲ್ ಗಾಡಿ ಹತ್ತಿ ಇಬ್ಬರಿಗೂ ಕಿಟಕಿಯ ಪಕ್ಕ ಸೀಟು ದೊರಕಿಸಿಕೊಟ್ಟು ಮೀಸೆ ತಿರುವಿಕೊಳ್ಳುತ್ತಿದ್ದಾಗ ತನ್ವಿ ಅಷ್ಟು ಹೊತ್ತು ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಹಾಕಿದಳು. ದ್ವೀಪದ ಹಿಂಬದಿಯ ದಂಡೆಯಲ್ಲಿ ಒಂದು ಪುಟ್ಟ ಊರಿದೆ. ಅದಷ್ಟೂ ಅವಳೊಬ್ಬಳ ಕೈಕೆಲಸ, ಎಂಟು ತಿಂಗಳದ್ದು. ಆದರೆ ಆಡಿದವರೆಲ್ಲ ಹೊಳೆಯುವ ಗುಡ್ಡದ ಕಡೆಗೇ ಓಡುತ್ತಾರೆ, ಹಿಂದಕ್ಕೆ ಯಾರೂ ತಿರುಗುವುದಿಲ್ಲ. ಆಟ ಬೇರೆ ಕಂಪ್ಯೂಟರಿಗೆ ತುಂಬಾ ಭಾರವಾಗಿದೆ, ಏನಾದರೂ ತೆಗೆಯಲೇಬೇಕು. ಇವತ್ತು ಬಂದವರಲ್ಲಿ ಒಬ್ಬರಾದರೂ ತಾವಾಗಿಯೇ ಆ ಊರಿಗೆ ಹೋಗದಿದ್ದರೆ ಊರನ್ನೇ ತೆಗೆದುಹಾಕುತ್ತಾರೆ.

"ದಾರಿ ಎಲ್ಲಿ ಹೇಳು, ಸೀದಾ ಹೋಗಿಬಿಡ್ತೇನೆ," ಎಂದ ಪೂವಪ್ಪ.

"ನಹೀಂ ಪಪ್ಪಾ, ಚೀಟಿಂಗ್ ಹೋಗಾ. ಆಪ್ ಬಸ್ ಘೂಮೋ." ಅದು ಮೋಸವಾಗುತ್ತದೆ, ಸುಮ್ಮನೆ ಸುತ್ತಾಡಿದರೆ ಸಾಕು ಎಂದಳು ಮಗಳು.

ಸುಮ್ಮನೆ ಸುತ್ತಾಡುವುದು! ಅವನು ಹುಟ್ಟಿದ ಮೇಲೆ ಮಾಡದಿದ್ದ ಕೆಲಸವೆಂದರೆ ಅದೊಂದೇ. ಆದರೂ ಮಗಳ ಊರು ಉಳಿಸಬೇಕೆಂದು ಅವನಿಗೆ ನಿಜವಾಗಿಯೂ ಅನಿಸಿತು. ಅವಳು ಇಷ್ಟು ಉದ್ದದ ಮಾತನ್ನು ಅವನೊಡನೆ ಆಡದೆ ಎಷ್ಟೋ ಕಾಲವಾಗಿತ್ತು. ನೇರೂಳ್ ದಾಟುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಕಟೀಲಮ್ಮನಿಗೆ ಹೂವಿನ ಪೂಜೆ ಹರಕೆ ಹೊತ್ತ.

ಆಫೀಸಿನಲ್ಲಿ ಅವನನ್ನು ದೊಡ್ಡ ಟಿವಿಯ ಮುಂದೆ ಕೂರಿಸಿದರು. ಅಲ್ಲಿನ ಮುಖ್ಯಸ್ಥ ಅನೀಶ ಎಂಬ ಹುಡುಗ ಬೆಂಗಳೂರಿನವನು, ಒಳ್ಳೆಯ ಕನ್ನಡ ಮಾತಾಡುತ್ತಿದ್ದ. "ಅಂಕಲ್, ನಾವ್ಯಾರೂ ಏನೂ ಹೇಳಲ್ಲ. ನಿಮಗೆ ಹೇಗೆ ಅನ್ಸುತ್ತೋ ಹಾಗೆ ಆಡಿ. ಒಂದು ಗಂಟೆ ಟೈಮಿದೆ," ಎಂದು ಕೈಗೊಂದು ಯಂತ್ರ ಕೊಟ್ಟ. ನೋಡಲು ಮಗುಚಿಟ್ಟ ಏಡಿಯ ಹಾಗಿತ್ತು. ಎರಡು ಹೆಬ್ಬೆರಳಿನಲ್ಲಿ ಎರಡು ಗುಬುಟು ತಿರುಗಿಸಬೇಕು, ಒಂದು ನಡೆಯಲಿಕ್ಕೆ, ಒಂದು ನೋಡಲಿಕ್ಕೆ. ಪೂವಪ್ಪ ಇಷ್ಟು ವರ್ಷ ನೋಡದೆಯೇ ನಡೆದವನು. ಮೊದಲ ಹೆಜ್ಜೆಗೆ ತೆಂಗಿನ ಮರಕ್ಕೆ ಮುಖ ಒತ್ತಿ ನಿಂತ, ಎರಡನೆಯದಕ್ಕೆ ಸಮುದ್ರಕ್ಕೆ ಬಿದ್ದ. ಕರಾವಳಿಯವನ ಮಾನ ಅಲ್ಲಿಯೇ ನೀರುಪಾಲಾಯಿತು. ತೆರೆಯ ಮೇಲಿನ ಚಡ್ಡಿ ತೊಟ್ಟ ಹುಡುಗಿಯೇ ತಾನು ಎಂದು ಅವನಿಗೆ ತಿಳಿದದ್ದೂ ಆಗಲೇ.

ಮೇಲೆ ಬಂದ ನಂತರ ಅವನು ದ್ವೀಪ ಸುತ್ತಿದ ರೀತಿಯನ್ನು ನೋಡಿ ಹಿಂದೆ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದರು. ಹುಲ್ಲಿನ ಮೇಲೆ ಕಾಲಿಡಲಿಲ್ಲ, ಸೊಸೈಟಿಯ ಲಾನ್‌ನಂತೆ ಕಂಡಿತು, ಕಾವಲುಗಾರ ಬಯ್ದರೆ? ಮನೆಗಳ ಬಾಗಿಲು ತೆರೆದೇ ಇತ್ತು, ಒಳಗೆ ಹೋಗಲಿಲ್ಲ, ಊಟದ ಹೊತ್ತಿಗೆ ಹೇಳದೆ ಹೋಗುವುದು ಹೇಗೆ? ಬೆನ್ನ ಮೇಲೆ ರೆಕ್ಕೆಯಿದೆ ಎಂದು ತೆರೆಯ ಮೇಲೆ ಮೂರು ಸಲ ಬರೆದು ಬಂತು. ಅವನು ಅದನ್ನು ಜಾಹೀರಾತು ಎಂದುಕೊಂಡ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದ. ಎಲ್ಲರೂ ಗುಡ್ಡ ತೋರಿಸಿದರು. ಗುಡ್ಡಕ್ಕೆ ಹೋದರೆ ಮೇಲಿನಿಂದ ದ್ವೀಪವೆಲ್ಲ ಕಂಡೀತು, ಮಗಳ ಊರು ಅಲ್ಲಿಂದ ಹುಡುಕೋಣ ಎಂದು ಲೆಕ್ಕ ಹಾಕಿದ. ನಡೆದೇ ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ದ್ವೀಪದ ಸಂತೆಕಟ್ಟೆಯ ಬಳಿ ಅವನಿಗೆ ದೋಣಿಗಟ್ಟೆ ಕಂಡಿತು, ಮುಂದೆ ನಡೆಯುವ ಮಾತೇ ಬರಲಿಲ್ಲ. ಗಾಡಿ ಇರುವಲ್ಲಿ ಡೊಂಬಿವಲಿಯವನು ನಡೆಯುವುದುಂಟೇ?

ದೋಣಿ ಬಂತು. ದ್ವೀಪದ ಜನರಿಂದ ತುಂಬಿತ್ತು. ನಿಂತು ಹೋಗಲು ಬೇಕಾದಷ್ಟು ಜಾಗವಿತ್ತು, ಆದರೆ ಪೂವಪ್ಪ ಹತ್ತಲಿಲ್ಲ. ಇನ್ನೊಂದು ಬಂತು, ಅದೂ ತುಂಬಿತ್ತು. ಪೂವಪ್ಪ ಕಟ್ಟೆಯ ಮೇಲೆ ಹೆಜ್ಜೆ ಅಳೆದು, ದೋಣಿಯ ಬಾಯಿ ಸರಿಯಾಗಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿ ಅಲ್ಲಿ ನಿಂತುಕೊಂಡ. ಯಾವ ಕಡೆಗೂ ಹಾರಬಹುದಾದ ಲೋಕದಲ್ಲಿ ಅವನು ಅರ್ಧ ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಕಳೆದ. ಹಿಂದೆ ಯಾರೋ ಆಕಳಿಸಿದರು. ತನ್ವಿ ಬೆರಳಿನ ಗಿಣ್ಣು ಮುರಿಯುತ್ತಿದ್ದಳು, ಅವನಿಗೆ ಕೇಳಿಸುತ್ತಿತ್ತು. ಮಗಳ ಮಾನ ತನ್ನಿಂದಾಗಿ ಹರಾಜಾಗುತ್ತಿದೆ ಎಂದು ಅವನಿಗೆ ತಿಳಿದಿತ್ತು, ಆದರೆ ನಿಂತು ಹೋಗಲು ಕಾಲು ಒಪ್ಪಲಿಲ್ಲ. ಇಲ್ಲಿರುವುದು ತನ್ನ ಕಾಲಲ್ಲ, ಚಡ್ಡಿ ಹುಡುಗಿಯದು ಎಂಬುದೂ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಒಂದು ದೋಣಿ ಬಂತು, ಅದರಲ್ಲಿದ್ದವರೆಲ್ಲ ಇಳಿಯಲು ಎದ್ದು ನಿಂತಿದ್ದರು. ಪೂವಪ್ಪನ ಮೈಯಲ್ಲಿ ವಿದ್ಯುತ್ ಹರಿಯಿತು. ದೋಣಿ ನಿಲ್ಲುವ ಮೊದಲೇ ಹಾರಿ, ಇಳಿಯುವವರ ನಡುವೆ ನುಗ್ಗಿ, ಅಂಚಿನ ಸೀಟಿನಲ್ಲಿ ಕೂತೇಬಿಟ್ಟ. ಅಲ್ಲಿಯವರೆಗೆ ನೆಟ್ಟಗೆ ನಡೆಯಲು ಬಾರದ ಮನುಷ್ಯ ಇಷ್ಟು ಚುರುಕಾಗಿ ಬೆರಳಾಡಿಸಿದ್ದನ್ನು ಕಂಡು ಅನೀಶ ಮುಂದಕ್ಕೆ ಬಾಗಿದ. ದೋಣಿ ಗುಡ್ಡಕ್ಕೆ ಬೆನ್ನು ಹಾಕಿ ಹೊರಟಿತು.

"ಅಯ್ಯೋ, ಇದು ಉಲ್ಟಾ ಹೋಗ್ತಿದೆ ಅಂಕಲ್," ಎಂದು ಯಾರದೋ ಬಾಯಿ ತಪ್ಪಿತು.

"ಗೊತ್ತುಂಟು. ರಿಟರ್ನ್," ಎಂದ ಪೂವಪ್ಪ, ತಿರುಗಿಯೂ ನೋಡದೆ.

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ದೋಣಿ ಬಂಡೆಗಳ ನಡುವೆ ನುಸುಳಿ, ದ್ವೀಪದ ಹಿಂಬದಿಗೆ ಹೊರಳಿ, ಒಂದು ಸಣ್ಣ ಕಟ್ಟೆಗೆ ಬಂದು ತಾಗಿತು. ಹಿಂದೆ ನಿಂತವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಪೂವಪ್ಪ ಇದನ್ನು ದೋಣಿಗಳ ಶೆಡ್ ಎಂದುಕೊಂಡ. ಕಟ್ಟೆಯಾಚೆ ನಾಲ್ಕು ಮನೆಯ ಮಾಡು, ಒಣಗಲು ಹಾಕಿದ ಬಟ್ಟೆ ಏನೋ ಕಂಡಿತು. ಇಲ್ಲಿ ಖಾಲಿಯಾಗಿ, ತಿರುಗಿ, ಸಂತೆಕಟ್ಟೆ ಹಾದು ಗುಡ್ಡಕ್ಕೆ. ತಾನು ಅಲ್ಲಿಯ ತನಕ ಮಹಾರಾಜ. ಅವನು ಕಾಲು ಚಾಚಿ ಕೂತ. ನಿಜವಾಗಿ ಚಾಚಿದ್ದು ಆಫೀಸಿನ ಕುರ್ಚಿಯಿಂದ, ಯಾರದೋ ನೀರಿನ ಬಾಟಲಿ ಉರುಳಿತು.

ಆಗ ಕಟ್ಟೆಯಿಂದ ಒಬ್ಬ ಅಜ್ಜಿ ಬುಟ್ಟಿ ಹೊತ್ತುಕೊಂಡು ದೋಣಿ ಹತ್ತಿದಳು. ಹಿಂದೆಯೇ ಜನ ಹತ್ತಿ ಸೀಟುಗಳೆಲ್ಲ ತುಂಬಿದವು. ಅಜ್ಜಿ ಸೀದಾ ಬಂದು ಪೂವಪ್ಪನ ಎದುರು ನಿಂತಳು. ನಿಂತು ನೋಡಿದಳು. ಪೂವಪ್ಪ ಅಭ್ಯಾಸಬಲದಿಂದ ಕಣ್ಣು ಮುಚ್ಚಿದ. ತೆರೆದಾಗ ಅಜ್ಜಿ ಇನ್ನೂ ನೋಡುತ್ತಿದ್ದಳು, ಏಕೆಂದರೆ ಮುಚ್ಚಿದ್ದು ಅವನ ಕಣ್ಣು, ಚಡ್ಡಿ ಹುಡುಗಿಯದು ತೆರೆದೇ ಇತ್ತು. ಕಣ್ಣು ಮುಚ್ಚುವ ಬಟನ್ ಯಾವುದೆಂದು ಅವನು ಏಡಿಯ ಮೈಯೆಲ್ಲ ತಡಕಾಡಿದ. ಒಂದಕ್ಕೆ ಹುಡುಗಿ ಕೈ ಬೀಸಿದಳು, ಒಂದಕ್ಕೆ ಕುಣಿದಳು. ಇನ್ನೊಂದನ್ನು ಒತ್ತಿದಾಗ ಎದ್ದು ನಿಂತಳು. ಅಜ್ಜಿ ಥಟ್ಟನೆ ಕೂತಳು. ಇನ್ನೊಂದು ಬಾಗಿಲಿನಿಂದ ಬೇರೆ ಸೀಟು ಹಿಡಿಯೋಣವೆಂದು ಪೂವಪ್ಪ ಕಟ್ಟೆಗೆ ಜಿಗಿದ. ದೋಣಿಗೆ ಇನ್ನೊಂದು ಬಾಗಿಲು ಇರಲಿಲ್ಲ. ಅದು ಹೊರಟುಹೋಯಿತು.

ಹಿಂದಿನಿಂದ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಗಾಡಿ ತಪ್ಪಿದವನಿಗೆ ಚಪ್ಪಾಳೆ ತಟ್ಟುವ ಈ ಮಕ್ಕಳ ಮೇಲೆ ಪೂವಪ್ಪನಿಗೆ ಸಿಟ್ಟು ಬಂತು. ಉಳಿದ ಹೊತ್ತಷ್ಟೂ ಅವನು ಕಟ್ಟೆಯ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ. ಬಂದವರನ್ನೆಲ್ಲ ಮುಂದಿನ ದೋಣಿ ಯಾವಾಗ ಎಂದು ಮಾತಾಡಿಸಿದ. ಒಂದು ನಾಯಿ ಬಂದು ಕಾಲಿಗೆ ಸುತ್ತಿ, ಊರಿನ ಕಡೆಗೆ ಓಡಿ, ತಿರುಗಿ ನೋಡಿ, ಮತ್ತೆ ಬಂತು. ಅವನು ಹಚಾ ಎಂದು ಅದನ್ನು ಗದರಿದ. ಟೈಮ್ ಮುಗಿಯಿತು, ತೆರೆ ಕಪ್ಪಾಯಿತು.

"ಪಪ್ಪಾ!" ತನ್ವಿ ಅವನ ಹೆಗಲು ಹಿಡಿದು ಅಲುಗಿಸಿದಳು. "ಆಪ್ ಪಹುಂಚ್ ಗಯೇ!" ತಲುಪಿಬಿಟ್ಟಿರಿ, ಅದೇ ನನ್ನ ಊರು ಎಂದಳು.

ಪೂವಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವುದೇ ರೂಢಿಯಾದ್ದರಿಂದ ನಕ್ಕ. "ನೋಡಿದಿರಾ? ಸೀಟಿನ ಆಸೆಗೆ ಹೋದವನಿಗೆ ಊರೇ ಸಿಕ್ಕಿತು," ಎಂದು ಎಲ್ಲರನ್ನೂ ನಗಿಸಿದ. ಅನೀಶ ನಗಲಿಲ್ಲ. ಬಂದ ಉಳಿದವರ ಆಟವೂ ಮುಗಿಯುವ ತನಕ ಕಾದು, ಸಂಜೆ ತನ್ವಿಯನ್ನು ಕರೆದ. ಹಿಂದೆಯೇ ಪೂವಪ್ಪನೂ ಹೋಗಿ ನಿಂತ.

ಬೇರೆ ಯಾರೂ ಆ ಕಡೆ ಹೋಗಿರಲಿಲ್ಲ. "ಅಂಕಲ್ ಹೋದ್ರು, ಒಪ್ಕೋತೀನಿ," ಎಂದ ಅನೀಶ. "ಆದ್ರೆ ತಪ್ಪಿ ಹೋದ್ರು."

"ತಪ್ಪಿ ಹೋದದ್ದೇ ಸರಿ," ಎಂದು ಪೂವಪ್ಪ ಬಾಯಿ ಹಾಕಿದ. "ನಮ್ಮ ಅಪ್ಪ ಬೋರಿಬಂದರಿನ ಹೋಟೆಲಿಗೆಂದು ಹೊರಟವರು, ಯಾರೋ ಹೇಳಿದರೆಂದು ಡೊಂಬಿವಲಿಯಲ್ಲಿ ಇಳಿದರು. ಅಲ್ಲಿಯೇ ಸಂಸಾರ ಮಾಡಿದರು. ಬೇಕೆಂದು ಡೊಂಬಿವಲಿಗೆ ಬಂದವರಲ್ಲಿ ಒಬ್ಬರನ್ನು ತೋರಿಸಿ ನೋಡುವ. ಅಂಥ ಊರನ್ನು ಯಾರಾದರೂ ತೆಗೆದುಹಾಕ್ತಾರಾ?"

ಅನೀಶ ಒಳ್ಳೆಯ ಹುಡುಗ. ಹೇಳಲು ಅವನಿಗೂ ಕಷ್ಟವಾಯಿತು. "ನಿಮ್ಮ ತಂದೆ ಇಳಿದ ಮೇಲೆ ಉಳ್ಕೊಂಡ್ರು ಅಂಕಲ್. ನೀವು ಇಳಿದ ಮೇಲೆ ಒಂದು ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ. ಮುಂದಿನ ದೋಣಿ ಕೇಳ್ತಾನೇ ನಿಂತ್ರಿ. ಸಾರಿ, ತನ್ವಿ. ತೆಗೀಲೇಬೇಕು."

ಎಂಟು ತಿಂಗಳು ಕೂತು ಮಗಳು ಕಟ್ಟಿದ ಊರು, ಹೊರಗಿನಿಂದ ಅಲ್ಲಿಗೆ ಹೋಗಿಳಿದವನು ಪೂವಪ್ಪನೊಬ್ಬನೇ. ಅವನು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಇನ್ನು ಯಾರೂ ಹೋಗುವಂತಿಲ್ಲ, ಅವನೂ ಹೋಗುವಂತಿಲ್ಲ. ಬದುಕಿನುದ್ದಕ್ಕೂ ತನ್ನನ್ನು ತಾನು ಪೆದ್ದ ಎಂದು ಕರೆದುಕೊಂಡದ್ದು ಚಂದಕ್ಕೆ, ಇವತ್ತು ಅದು ನಿಜವಾಗಿ ನೋಯಿಸಿತು.

ಅಪ್ಪ ಮಗಳು ಮನೆಗೆ ಹೊರಟರು. ಠಾಣೆಯಲ್ಲಿ ಕಲ್ಯಾಣ ಗಾಡಿ ಕಿಕ್ಕಿರಿದಿತ್ತು. ಬಾಗಿಲಿನ ಹತ್ತಿರದ ಕಂಬ ಹಿಡಿದು ನಿಂತರು. ತನ್ವಿ ಹೊರಗೆ ನೋಡುತ್ತಿದ್ದಳು. ಕಳವಾ ಬಂದು ಹೋಯಿತು.

"ಆ ನಾಯಿ ನನ್ನನ್ನು ಎಲ್ಲಿಗೆ ಕರೀತಿತ್ತು?" ಎಂದು ಪೂವಪ್ಪ ಕೇಳಿದ.

"ಛೋಡೋ ನಾ ಪಪ್ಪಾ," ಬಿಟ್ಟುಬಿಡಿ ಎಂದಳು ತನ್ವಿ.

"ಇಲ್ಲ, ಹೇಳು. ನಾನು ನೋಡ್ಲಿಲ್ಲ. ನನಗೆ ಈಗ ನೋಡಬೇಕು."

ಅವಳು ಅಪ್ಪನ ಮುಖ ನೋಡಿದಳು. ತಮಾಷೆಗೆ ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನಿಧಾನಕ್ಕೆ ಹೇಳತೊಡಗಿದಳು. ನಾಯಿ ಮೊದಲು ಮೀನು ಒಣಗಿಸುವ ಹೆಂಗಸಿನ ಅಂಗಳಕ್ಕೆ ಕರೆದೊಯ್ಯುತ್ತದೆ. ಆ ಹೆಂಗಸು ಕಾಗೆಗಳನ್ನು ಒಂದೊಂದನ್ನೂ ಬೇರೆ ಬೇರೆ ಹೆಸರು ಹಿಡಿದು ಬಯ್ಯುತ್ತಾಳೆ. ಪಕ್ಕದಲ್ಲಿ ಒಬ್ಬ ಕ್ಷೌರಿಕ, ಅವನ ಅಂಗಡಿಗೆ ಗೋಡೆಯೇ ಇಲ್ಲ, ಕನ್ನಡಿಯಲ್ಲಿ ಸಮುದ್ರ ಕಾಣುತ್ತದೆ. ಒಂದು ಮನೆಯ ಬಾಗಿಲು ಎಂದೂ ಮುಚ್ಚುವುದಿಲ್ಲ, ಒಳಗೆ ಹೋದರೆ ಯಾರೂ ಇರುವುದಿಲ್ಲ, ಆದರೆ ಒಲೆ ಉರಿಯುತ್ತಿರುತ್ತದೆ, ಸ್ವಲ್ಪ ಕಾದರೆ ಯಾರೋ ಬಂದು ಬಡಿಸುತ್ತಾರೆ. ಹೇಳುತ್ತಾ ಹೇಳುತ್ತಾ ಅವಳ ಹಿಂದಿಯೊಳಗೆ ಮರಾಠಿ ಬಂತು, ಮರಾಠಿಯೊಳಗೆ ತುಳು ಬಂತು. ಕೈಗಳು ಕಂಬ ಬಿಟ್ಟು ಗಾಳಿಯಲ್ಲಿ ಓಣಿಗಳನ್ನು ತೋರಿಸತೊಡಗಿದವು. ಬೀಳದಂತೆ ಪೂವಪ್ಪ ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡ. ಮುಂಬ್ರಾ ಹೋಯಿತು, ದಿವಾ ಹೋಯಿತು. ಓಣಿಯ ಕೊನೆಯಲ್ಲಿ ಒಂದು ಬಾವಿಯಿದೆ, ಕಲ್ಲು ಹಾಕಿದರೆ ಬಹಳ ಹೊತ್ತಿನ ಮೇಲೆ ಸದ್ದು ಕೇಳುತ್ತದೆ, ಆ ಸದ್ದನ್ನು ಅವಳು ಮನೆಯ ಬಚ್ಚಲಿನ ಡ್ರಮ್ಮಿನಲ್ಲಿ ರೆಕಾರ್ಡ್ ಮಾಡಿದ್ದಳಂತೆ. ಅಪ್ಪ ಕೆಲಸಕ್ಕೆ ಹೋಗಿದ್ದಾಗ.

ಕೋಪರ್ ದಾಟಿತೆಂದರೆ ಇಳಿಯುವವರು ಬಾಗಿಲಿನತ್ತ ಒತ್ತುತ್ತಾರೆ. ಒತ್ತಿದರು. ಬೆವರು, ಮೊಣಕೈ, ಟಿಫಿನ್ ಡಬ್ಬಿ. ಡೊಂಬಿವಲಿ ಬಂತು. ಪೂವಪ್ಪ ಪಕ್ಕಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟ.

"ಪಪ್ಪಾ, ಉತರ್ನಾ ಹೈ!" ಇಳಿಯಬೇಕಲ್ಲ ಎಂದು ತನ್ವಿ ಗಾಬರಿಯಿಂದ ಹೊರಗೆ ತೋರಿಸಿದಳು.

ಪೂವಪ್ಪ ಬ್ಯಾಗಿನ ಪಟ್ಟಿ ಬಿಡಲಿಲ್ಲ. ಗಾಡಿ ಮೆಲ್ಲಗೆ ಅಲುಗಿತು, ಪ್ಲಾಟ್‌ಫಾರ್ಮ್ ಹಿಂದಕ್ಕೆ ಸರಿಯತೊಡಗಿತು.

"ಬಾವಿಯ ಹತ್ತಿರ ನಿಂತಿದ್ದೇವೆ," ಎಂದ. "ಅಲ್ಲಿಂದ ಎಡಕ್ಕೆ ತಿರುಗಿದರೆ ಎಂತ ಉಂಟು, ಹೇಳು."